ಒಂದೇ ಕೈಯಲ್ಲಿ ತೆರೆಯುವ ಚೀಲ

ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಗುಬ್ಬಿ ಮೊದಲನೇ ಪ್ರಶ್ನೆಗೇ ಸಿಕ್ಕಿಬಿದ್ದಳು.

“ಮಗು ತೂಕ ಎಷ್ಟು?” ಎಂದು ಅಂಗಡಿಯಾಕೆ ಕೇಳಿದ್ದರು. ಡೈಪರ್ ಅಳತೆಯೆಲ್ಲ ತೂಕದ ಲೆಕ್ಕದಲ್ಲೇ ಇರುತ್ತದಂತೆ.

“ಹತ್ತು ತಿಂಗಳಾಗ್ತಾ ಬಂತು” ಎಂದಳು ಗುಬ್ಬಿ.

“ತಿಂಗಳಲ್ಲಮ್ಮ, ತೂಕ.”

ಗುಬ್ಬಿ ಬಾಯಿಗೆ ಬಂದ ಒಂದು ಅಂಕಿ ಹೇಳಿದಳು. ಅಂಗಡಿಯಾಕೆ ಅದಕ್ಕೆ ತಕ್ಕ ಪೊಟ್ಟಣ ತೆಗೆದಿಟ್ಟರು. ಗುಬ್ಬಿಯ ಕಿವಿ ಬಿಸಿಯಾಯಿತು. ಅವಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಬಾಗಿಲಲ್ಲಿ ನಿಂತ ಗಿರಾಕಿಯ ಮುಖ ನೋಡಿದರೆ ಸಾಕು, ಆ ಮೂಗಿನ ಮೇಲೆ ಯಾವ ಫ್ರೇಮು ನಿಲ್ಲುತ್ತದೆ, ಯಾವುದು ಜಾರುತ್ತದೆ ಎಂದು ಹೇಳಿಬಿಡುತ್ತಿದ್ದಳು. ಹೊಟ್ಟೆಯಲ್ಲಿ ಹೊತ್ತು ಹೆತ್ತ ಕೂಸಿನ ಅಳತೆ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಅವಳು ಬೇಕೆಂದು ದೂರ ಇದ್ದವಳಲ್ಲ. ಹೆರಿಗೆಯಾಗಿ ತಿಂಗಳು ತುಂಬುವ ಮೊದಲೇ ಕೆಮ್ಮು ಶುರುವಾಗಿತ್ತು. ಬಾಣಂತಿಗೆ ಶೀತ ಹಿಡಿದಿರಬೇಕು ಎಂದುಕೊಂಡರು. ಪರೀಕ್ಷೆ ಮಾಡಿದರೆ ಕ್ಷಯ, ಅದೂ ಮಾಮೂಲು ಔಷಧಿಗೆ ಬಗ್ಗದ ಜಾತಿಯದು. ಗಂಡ ಹಡಗಿನ ಇಂಜಿನ್ ರಿಪೇರಿಯವನು, ಯಾವುದೋ ಸಮುದ್ರದ ನಡುವೆ ಇದ್ದ. ಸುದ್ದಿ ತಿಳಿದವಳೇ ಅಕ್ಕ ವಿಮಾನ ಹತ್ತಿ ಬಂದಳು. ಆಸ್ಪತ್ರೆಯ ಗಾಜಿನಾಚೆ ನಿಂತು ಮಗುವನ್ನು ಎತ್ತಿ ತೋರಿಸಿ, ಫೋನಿನಲ್ಲಿ, “ನೀನು ಹುಷಾರಾಗೇ ಗುಬ್ಬಿ, ಇದನ್ನ ನಾನು ನೋಡ್ಕೋತೀನಿ” ಎಂದು ಹೇಳಿ ಕರೆದುಕೊಂಡು ಹೋದಳು. ಆಮೇಲೆ ಮಾತ್ರೆ, ಸೂಜಿಮದ್ದು, ಕಫದ ಪರೀಕ್ಷೆ, ಮತ್ತೆ ಮಾತ್ರೆ. ಈಗ ಡಾಕ್ಟರು, “ಇನ್ನು ಮಗುವನ್ನ ತಂದಿಟ್ಟುಕೊಳ್ಳಬಹುದು, ಯಾರಿಗೂ ತಗಲುವುದಿಲ್ಲ” ಎಂದಿದ್ದರು. ಆ ಮಾತು ಕೇಳಿದ ಗುಬ್ಬಿ ಮನೆಗೂ ಹೋಗದೆ ನೇರವಾಗಿ ಈ ಅಂಗಡಿಗೆ ಬಂದಿದ್ದಳು.

ಅಕ್ಕನಿಗೆ ಒಂದು ಫೋನ್ ಮಾಡಿದ್ದರೆ ತೂಕ, ಅಳತೆ ಎಲ್ಲ ಗೊತ್ತಾಗುತ್ತಿತ್ತು. ಆದರೆ ಅಷ್ಟನ್ನೂ ಕೇಳಿಕೊಂಡೇ ಮಾಡಬೇಕೇ ಎಂಬ ಒಂದು ಬಿಗುಮಾನ ಅವಳನ್ನು ತಡೆಯಿತು.

ಚೀಲಗಳ ಸಾಲಿನ ಮುಂದೆ ಅವಳು ಬಹಳ ಹೊತ್ತು ನಿಂತಳು. ಹೂವಿನ ಚಿತ್ರದ್ದು ಚೆನ್ನಾಗಿತ್ತು, ಆದರೆ ಬಾಯಿ ಕಿರಿದು. ಇನ್ನೊಂದಕ್ಕೆ ಎಷ್ಟು ಖಾನೆಗಳೆಂದರೆ ಯಾವುದರಲ್ಲಿ ಏನಿಟ್ಟೆ ಎಂದು ಹುಡುಕುವುದರಲ್ಲೇ ಮಗು ದೊಡ್ಡದಾಗಿಬಿಡುತ್ತಿತ್ತು. ಅಂಗಡಿಯಾಕೆ ಪ್ರದರ್ಶನಕ್ಕಿಟ್ಟಿದ್ದ ಗೊಂಬೆಯನ್ನು ತಂದು ಗುಬ್ಬಿಯ ಎಡಗೈಗೆ ಕೊಟ್ಟರು.

“ವಿಮಾನದಲ್ಲಿ ಹೋಗ್ತೀರಾ? ಹಂಗಾದ್ರೆ ಚಂದ ನೋಡ್ಬೇಡಿ. ಇದನ್ನ ಎತ್ಕೊಂಡು ಒಂದೇ ಕೈಯಲ್ಲಿ ಜಿಪ್ ತೆಗೆಯೋಕೆ ಬರತ್ತಾ ನೋಡಿ. ಆ ಇನ್ನೊಂದು ಕೈ ನಿಮ್ದಲ್ಲ ಅಂತ್ಲೇ ತಿಳ್ಕೊಳ್ಳಿ.”

ಕಡೆಗೆ ಬೂದು ಬಣ್ಣದ, ಬೆನ್ನಿಗೆ ಹಾಕಿಕೊಳ್ಳುವ, ಬಾಯಿ ಪೂರ್ತಿ ಅಗಲಕ್ಕೆ ತೆರೆದುಕೊಳ್ಳುವ ಚೀಲವೊಂದು ಪಾಸಾಯಿತು. ಹೊರಡುವಾಗ ಗೊಂಬೆಯನ್ನು ವಾಪಸು ಕೊಡುವುದನ್ನೇ ಅವಳು ಮರೆತಿದ್ದಳು. ಅಂಗಡಿಯಾಕೆ ಕೈಚಾಚಿ ನಗುತ್ತ ಇಸಿದುಕೊಳ್ಳಬೇಕಾಯಿತು.

ಮನೆಯಲ್ಲಿ ಎಲ್ಲವನ್ನೂ ನೆಲದ ಮೇಲೆ ಹರಡಿ ಕೂತಳು. ಡೈಪರ್, ಒರೆಸುವ ಒದ್ದೆ ಬಟ್ಟೆಯ ಪೊಟ್ಟಣ, ಕೆಳಗೆ ಹಾಸುವ ರಬ್ಬರ್ ಹಾಳೆ, ಎರಡು ಜೊತೆ ಅಂಗಿ, ತೆಳು ಹೊದಿಕೆ, ಹಾಲಿನ ಬಾಟಲಿ, ಹಾಲಿನ ಪುಡಿಯ ಡಬ್ಬಿ, ಗಿಲಕಿ, ಗಲೀಜು ಬಟ್ಟೆಗೆಂದು ಪ್ಲಾಸ್ಟಿಕ್ ಕವರು. ತುಂಬಿದಳು, ಸರಿಯಿಲ್ಲವೆಂದು ಸುರಿದಳು, ಮತ್ತೆ ತುಂಬಿದಳು. ಆಮೇಲೆ ದಿಂಬೊಂದನ್ನು ಕಂಕುಳಿಗೆ ಏರಿಸಿಕೊಂಡು, ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಡೈಪರ್ ತೆಗೆಯುವುದನ್ನು ಅಭ್ಯಾಸ ಮಾಡಿದಳು. ದಿಂಬು ಜಾರಿ ಬಿತ್ತು. “ಅಯ್ಯೋ, ಪೆಟ್ಟಾಯ್ತಾ ಕಂದಾ?” ಎಂದು ಎತ್ತಿಕೊಂಡು ತಟ್ಟಿದಳು. ತನ್ನ ದನಿ ಖಾಲಿ ಮನೆಯಲ್ಲಿ ಅಷ್ಟು ಜೋರಾಗಿ ಕೇಳಿಸಿದ್ದಕ್ಕೆ ನಾಚಿಕೆಯಾಗಿ, ದಿಂಬನ್ನು ಮೆಲ್ಲಗೆ ಮಂಚದ ಮೇಲಿಟ್ಟಳು. ಇಷ್ಟು ತಿಂಗಳು ಈ ಮನೆಯಲ್ಲಿ ಅವಳು ಆಡಿದ ಮಾತೆಲ್ಲ ಫೋನಿನ ಜೊತೆಗೇ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಾವಲಿನ ಹೆಂಗಸು ಚೀಲ ಬಿಚ್ಚಿಸಿದಳು. ಬಾಟಲಿ, ಹಾಲಿನ ಪುಡಿಯ ಡಬ್ಬಿ, ಗಿಲಕಿ ಒಂದೊಂದಾಗಿ ಮೇಜಿನ ಮೇಲೆ ಬಂದವು. ಅವಳು ಗುಬ್ಬಿಯ ಹಿಂದೆಮುಂದೆ ನೋಡಿದಳು.

“ಮಗು ಎಲ್ಲಮ್ಮ?”

“ಅಲ್ಲಿದೆ. ಕರ್ಕೊಂಡ್ ಬರೋಕೆ ಹೋಗ್ತಿದೀನಿ.”

“ಈಗ್ಲೇ ಇಷ್ಟೊಂದು ಹೊತ್ಕೊಂಡು ಹೋಗ್ತಿದೀರಾ?”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಗುಬ್ಬಿ ಸಾಮಾನನ್ನೆಲ್ಲ ಬಾಚಿ ಒಳಗೆ ತುರುಕಿಕೊಂಡು ನಡೆದಳು. ವಿಮಾನದಲ್ಲಿ ಚೀಲವನ್ನು ಮೇಲೆ ಇಡಲಿಲ್ಲ, ಕಾಲ ಬಳಿಯೂ ಇಡಲಿಲ್ಲ. ಗಗನಸಖಿ ಬಂದು ಕೆಳಗಿಡಲು ಹೇಳುವ ತನಕ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಅಕ್ಕ ಹೊಲಿಗೆಯವಳು. ಮದುವೆಯಾಗಿರಲಿಲ್ಲ. ಎರಡು ಕೋಣೆಯ ಮನೆ, ಮುಂದಿನ ಕೋಣೆಯೆಲ್ಲ ಶಾಲೆಯ ಸಮವಸ್ತ್ರಗಳ ರಾಶಿ. ಬಾಗಿಲು ತೆಗೆದಾಗ ಮಗು ಅವಳ ಸೊಂಟದ ಮೇಲಿತ್ತು. ಫೋನಿನಲ್ಲಿ ಕಂಡಿದ್ದಕ್ಕಿಂತ ಎಷ್ಟೋ ದೊಡ್ಡದು. ತೋಳಿನಲ್ಲಿ ಮಡಿಕೆ, ಮೊಣಕೈಯಲ್ಲಿ ಗುಳಿ.

“ಉಂಡೆ, ನೋಡೇ ಯಾರು ಬಂದ್ರು!” ಎಂದಳು ಅಕ್ಕ. ದುಂಡಗಿದೆಯೆಂದು ಅವಳು ಉಂಡೆ ಎಂದು ಕರೆಯುತ್ತಿದ್ದಳು. ಗುಬ್ಬಿ, ಗಂಡನೂ ತಾನೂ ಆರಿಸಿ ಇಟ್ಟಿದ್ದ ಹೆಸರು ಹಿಡಿದು ಕರೆದಳು. ಅದು ಯಾರ ಹೆಸರೋ ಎಂಬಂತೆ ಮಗು ಅಕ್ಕನ ಕುತ್ತಿಗೆಯಲ್ಲಿ ಮುಖ ಹುದುಗಿಸಿತು. “ಮ್ಮ” ಎಂದಿತು.

ಅಕ್ಕನ ಮುಖ ಸಣ್ಣಗಾಯಿತು. “ನಾನು ದೊಡ್ಡಮ್ಮ ಅಂತ್ಲೇ ಹೇಳ್ಕೊಟ್ಟಿದ್ದು ಕಣೇ, ಆಣೆಗೂ. ಅದಕ್ಕೆ ಪೂರ್ತಿ ನಾಲಿಗೆ ತಿರುಗಲ್ಲ. ಕೊನೇದು ಮಾತ್ರ ಬರತ್ತೆ.”

“ಇರ್ಲಿ ಬಿಡೇ” ಎಂದಳು ಗುಬ್ಬಿ. ಅದನ್ನೇ ಎರಡು ಸಲ ಹೇಳಬೇಕಾಯಿತು.

ಮಗು ಒಗ್ಗಲಿ ಎಂದು ಒಂದು ವಾರ ಅಲ್ಲೇ ಉಳಿದಳು. ಮೊದಮೊದಲು ಮಗು ಅವಳು ಕೋಣೆಗೆ ಬಂದರೆ ಆಟ ನಿಲ್ಲಿಸಿ ನೋಡುತ್ತಿತ್ತು. ಆಮೇಲೆ ಅವಳ ಕೈಯಿಂದ ಬಾಳೆಹಣ್ಣು ತಿಂದಿತು. ತಿಂದು ಮುಗಿದ ಕೂಡಲೇ ಅಂಬೆಗಾಲಿಡುತ್ತ ಹೊಲಿಗೆ ಯಂತ್ರದ ಕಡೆ ಓಡಿತು. ಹೋಟೆಲಿನಲ್ಲಿ ಊಟ ಮುಗಿಸಿ ಎದ್ದುಹೋಗುವ ಗಿರಾಕಿಯ ಹಾಗೆ, ಎಂದು ಗುಬ್ಬಿಗೆ ಅನ್ನಿಸಿ ನಗು ಬಂತು. ಕಣ್ಣೂ ತುಂಬಿತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಗು ಮಲಗಿದ್ದಾಗ ಅಕ್ಕ ಆ ಬೂದು ಚೀಲವನ್ನು ಬಿಚ್ಚಿದಳು. ಡೈಪರ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

“ಇದು ಉಂಡೆಯ ಒಂದು ತೊಡೆಗೂ ಸಾಲಲ್ಲ. ಈ ಬಾಟಲಿ ಯಾಕೆ? ಅದು ಬಾಟಲಿ ಬಿಟ್ಟು ಎಷ್ಟು ಕಾಲ ಆಯ್ತು, ಲೋಟದಲ್ಲೇ ಕುಡಿಯತ್ತೆ. ಈ ಅಂಗಿ ಕುತ್ತಿಗೇಲಿ ಇಳಿಯಲ್ಲ. ಗಿಲಕಿ ಅಂದ್ರೆ ಅಳತ್ತೆ.” ಒಂದೊಂದನ್ನೂ ಪಕ್ಕಕ್ಕಿಟ್ಟಳು. ಚೀಲ ಹೆಚ್ಚುಕಡಿಮೆ ಖಾಲಿಯಾಯಿತು.

“ಎಲ್ಲಾ ನಿಂಗೇ ಗೊತ್ತು ಅಲ್ವಾ?” ಎಂದುಬಿಟ್ಟಳು ಗುಬ್ಬಿ. “ನಂಗೇನು ಗೊತ್ತು ಹೇಳು. ನಾನು ಬರೀ ಹೆತ್ತವಳು.”

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಿಸುತ್ತ ಕೂತಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಅಮ್ಮ ತೀರಿಕೊಂಡಾಗ ಗುಬ್ಬಿ ಇನ್ನೂ ಅಕ್ಷರ ಕಲಿಯದ ಹುಡುಗಿ. ಜಡೆ ಹಾಕಿದವಳು, ಜ್ವರ ಬಂದರೆ ಪಕ್ಕ ಕೂತವಳು, ಶಾಲೆಯ ಬಾಗಿಲಲ್ಲಿ ಅಳುವವಳನ್ನು ಒಳಗೆ ತಳ್ಳಿ ತಿರುಗಿ ನೋಡದೆ ಹೋದವಳು ಎಲ್ಲ ಈ ಅಕ್ಕನೇ. ಬೈದರೆ ತಿರುಗಿ ಬೈಯುತ್ತಿದ್ದ ಅಕ್ಕ ಹೀಗೆ ಅಂಗಿ ಮಡಿಸುತ್ತ ಕೂತದ್ದನ್ನು ಗುಬ್ಬಿ ನೋಡಿರಲಿಲ್ಲ.

“ಸರಿ” ಎಂದಳು ಅಕ್ಕ ಕಡೆಗೆ, ಚೀಲವನ್ನು ತಂಗಿಯ ಕಡೆ ತಳ್ಳಿ. “ನೀನೇ ತುಂಬು. ನಾನು ಬಾಯಲ್ಲಿ ಹೇಳ್ತೀನಿ, ಕೈ ಹಾಕಲ್ಲ.”

ಅವಳು ಹೇಳಿದಳು. ವಿಮಾನ ಏರುವಾಗ ಕಿವಿ ಕಟ್ಟುತ್ತದೆ, ಲೋಟದಲ್ಲಿ ಗುಟುಕು ಗುಟುಕಾಗಿ ನೀರು ಕೊಡು, ಲೋಟ ಮೇಲೇ ಇರಲಿ. ಒಂದು ಜೊತೆ ಅಂಗಿ, ಡೈಪರ್, ಒದ್ದೆ ಬಟ್ಟೆ ಮೂರನ್ನೂ ಒಂದೇ ಕವರಿನಲ್ಲಿ ಹಾಕಿಡು, ಬೇಕಾದಾಗ ಚೀಲ ಬಿಟ್ಟು ಅದೊಂದನ್ನೇ ಎತ್ತಿಕೊಂಡು ಹೋಗಬಹುದು. ನಿನಗೂ ಒಂದು ಕುಪ್ಪಸ ಇಟ್ಟುಕೋ, ಕಕ್ಕುವುದು ನಿನ್ನ ಮೇಲೆಯೇ. ನಿದ್ದೆ ಬಂದರೆ ತಲೆ ಸವರಬೇಡ, ರೇಗುತ್ತದೆ, ಅಂಗಾಲು ಉಜ್ಜು. ಅಕ್ಕ ಹೇಳಿದಂತೆ ಗುಬ್ಬಿ, ಉಂಡೆಯ ಅಳತೆಯ ಸಾಮಾನನ್ನು ಒಂದೊಂದಾಗಿ ಇಟ್ಟಳು. ಅಂಗಾಲಿನ ಮಾತು ಬಂದಾಗ ಅಕ್ಕನ ದನಿ ಒಡೆಯಿತು. “ನೀನೂ ಹಂಗೇ ಇದ್ದೆ” ಎಂದು ಎದ್ದು, ಯಂತ್ರಕ್ಕೆ ನೂಲು ಪೋಣಿಸತೊಡಗಿದಳು. ಸೂಜಿಯ ಕಣ್ಣು ಸಿಗುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಮಾರನೆಯ ಬೆಳಗ್ಗೆ ನಿಲ್ದಾಣದ ಬಾಗಿಲವರೆಗೆ ಅಕ್ಕ ಬಂದಳು. ಮಗುವನ್ನು ಒಂದು ಸಲ ತಂಗಿಯ ಕೈಗೆ ಕೊಟ್ಟ ಮೇಲೆ ಮತ್ತೆ ಇಸಿದುಕೊಳ್ಳಲಿಲ್ಲ, ಮುದ್ದೂ ಕೊಡಲಿಲ್ಲ. “ಲೋಟ ಮೇಲಿದೆ ತಾನೆ?” ಎಂದಷ್ಟೇ ಕೇಳಿ, ಏನೋ ಮರೆತವಳಂತೆ ತಿರುಗಿ ಬಿರಬಿರನೆ ನಡೆದಳು. ಜನರ ನಡುವೆ ಅವಳ ಬೆನ್ನು ಸ್ವಲ್ಪ ಹೊತ್ತು ಕಂಡಿತು. ಮಗು ಆ ಕಡೆ ಕೈಚಾಚಿತು. ತಮಾಷೆಯೇನೋ ಎಂದುಕೊಂಡು ಮೊದಲು ನಕ್ಕಿತು.

ವಿಮಾನ ಏರುವ ಹೊತ್ತಿಗೆ ನಗು ಮುಗಿದಿತ್ತು. ಅಳು ಎಂದರೆ ಅಂಥಿಂಥ ಅಳುವಲ್ಲ. ಮೈಯನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ಉಸಿರು ಸಿಕ್ಕಿಸಿಕೊಂಡು, ಮುಖ ಕೆಂಪಾಗಿಸಿಕೊಂಡು ಚೀರಿತು. ಲೋಟದ ನೀರು ಅರ್ಧ ಅದರ ಹೊಟ್ಟೆಗೆ, ಅರ್ಧ ಗುಬ್ಬಿಯ ಮಡಿಲಿಗೆ. ಪಕ್ಕದ ಸೀಟಿನ ಗಂಡಸು ಪತ್ರಿಕೆಯನ್ನು ಕಿವಿಯವರೆಗೆ ಎತ್ತಿ ಹಿಡಿದುಕೊಂಡ. ಮುಂದಿನ ಸೀಟಿನಿಂದ ಒಬ್ಬ ಹಿರಿಯ ಹೆಂಗಸು ತಿರುಗಿ, “ಅಮ್ಮನ ಹತ್ರ ಕೊಡಿ, ಸುಮ್ನಾಗತ್ತೆ” ಎಂದಳು.

“ನಾನೇ ಅಮ್ಮ” ಎಂದಳು ಗುಬ್ಬಿ.

ಆ ಹೆಂಗಸು ಪಾಪ, ನಾಲಿಗೆ ಕಚ್ಚಿಕೊಂಡು ಮುಂದೆ ತಿರುಗಿದಳು.

ಆಗಲೇ ತೊಡೆಯ ಮೇಲೆ ಬಿಸಿಯಾಯಿತು. ಡೈಪರ್ ಸೋರಿ ಅಂಗಿ, ಬೆನ್ನು, ಗುಬ್ಬಿಯ ತೋಳು ಎಲ್ಲ ಗಲೀಜು. ಅವಳು ಮಗುವನ್ನು ಎಡಗೈಯಲ್ಲಿ ಅವಚಿಕೊಂಡು, ಬಲಗೈಯಿಂದ ಜಿಪ್ ಎಳೆದು, ಆ ಕವರನ್ನು ಹಿಡಿದು ಎದ್ದಳು. ಜಿಪ್ ಸಿಕ್ಕಿಕೊಳ್ಳಲಿಲ್ಲ, ಕವರು ಕೈಗೆ ಸಿಕ್ಕಿತು. ಆದರೆ ಶೌಚಾಲಯದಲ್ಲಿ ದಿಂಬಿನ ಪಾಠವೆಲ್ಲ ಕೈಕೊಟ್ಟಿತು. ದಿಂಬು ಒದೆಯುವುದಿಲ್ಲ. ಗೋಡೆಯಿಂದ ಇಳಿಸಿದ ಪುಟ್ಟ ಹಲಗೆಯ ಮೇಲೆ ಮಗು ಎರಡು ಕಾಲಲ್ಲೂ ಒದ್ದು, ಒದ್ದೆ ಬಟ್ಟೆಯ ಪೊಟ್ಟಣವನ್ನು ಕೆಳಗೆ ತಳ್ಳಿತು. ಅವಳು ಬೀಳುತ್ತಿದ್ದ ಪೊಟ್ಟಣವನ್ನು ಮೊಣಕಾಲಿನಿಂದ ಗೋಡೆಗೆ ಒತ್ತಿ ಹಿಡಿದು, ಹಲ್ಲಿನಿಂದ ಡೈಪರ್ ಬಿಡಿಸಿ, ಹೇಗೋ ಒರೆಸಿ, ಹೇಗೋ ತೊಡಿಸಿದಳು. ಪಟ್ಟಿ ಸೊಟ್ಟಗಾಯಿತು. ಇನ್ನೊಮ್ಮೆ ಬಿಚ್ಚಿ ಹಾಕಿದಳು.

ಮಗು ಅಳು ನಿಲ್ಲಿಸಿ, ಬಿಕ್ಕುತ್ತ, ಅವಳ ಭುಜದಾಚೆ ಮುಚ್ಚಿದ ಬಾಗಿಲನ್ನು ನೋಡಿತು. “ಮ್ಮ?” ಎಂದಿತು. ಕೇಳುವ ಹಾಗೆ.

ಹ್ಞೂಂ, ಇಲ್ಲೇ ಇದ್ದೀನಿ ಎಂದುಬಿಡಬಹುದಿತ್ತು. ಅವಳು ಆ ಮಾತಿಗಾಗಿ ಎಷ್ಟು ಕಾಲ ಕಾದಿದ್ದಳು. ಆದರೆ ಮಗು ಕೇಳುತ್ತಿದ್ದುದು ಅವಳನ್ನಲ್ಲ.

“ದೊಡ್ಡಮ್ಮ ಬರ್ಲಿಲ್ಲ ಕಂದಾ” ಎಂದಳು. “ಮನೇಲೇ ಉಳಿದ್ಲು.” ಹೇಳುತ್ತಿದ್ದಂತೆ ಅವಳಿಗೆ, ಶಾಲೆಯ ಬಾಗಿಲಲ್ಲಿ ಬಿಟ್ಟುಹೋದ ಅಕ್ಕನ ಹಿಂದೆ ತಾನು ಕೈಚಾಚಿದ್ದ ದಿನದ ದುಃಖವೇ ಉಕ್ಕಿ ಬಂತು. ಇಬ್ಬರಿಗೂ ಬೇಕಾಗಿದ್ದವಳು ಒಬ್ಬಳೇ, ಅವಳೇ ಅಲ್ಲಿರಲಿಲ್ಲ. ಗುಬ್ಬಿ ಆ ಇಕ್ಕಟ್ಟಿನಲ್ಲಿ ಮಗುವಿನ ಹೊಟ್ಟೆಗೆ ಹಣೆಯಿಟ್ಟು ಅತ್ತಳು. ಮಗು ತನ್ನ ಅಳು ಮರೆತು ಅವಳ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿತು. ಪ್ರೀತಿಗಲ್ಲ, ಸಿಕ್ಕಿತೆಂದು ಜಗ್ಗಿತು. ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು.

ಸೀಟಿಗೆ ಬಂದು ಅಂಗಾಲು ಉಜ್ಜಿದಳು. ಇಳಿಯುವ ತನಕ ಅದು ನಿದ್ದೆ ಮಾಡಿತು. ಅವಳ ತೋಳು ಜೋಮು ಹಿಡಿದರೂ ಅಲುಗಾಡಿಸಲಿಲ್ಲ.

ಆ ಸಂಜೆ ಅಕ್ಕ ಫೋನ್ ತೆಗೆಯಲಿಲ್ಲ. ಮಾರನೆಯ ದಿನವೂ ಇಲ್ಲ. ಗುಬ್ಬಿ ಹೆದರಿ ಅಕ್ಕನ ಪಕ್ಕದ ಮನೆಯವರಿಗೆ ಹೇಳಿ ಕಳಿಸಿದ ಮೇಲೆ ಅಕ್ಕನೇ ಫೋನ್ ಮಾಡಿದಳು.

“ಏನಾಗಿತ್ತೇ ನಿಂಗೆ? ಪ್ರಾಣ ಹೋಗಿತ್ತು ನಂಗೆ.”

“ಏನೂ ಇಲ್ಲ. ಮಲಗಿದ್ದೆ.”

“ಎರಡು ದಿನ?”

“ಹೊಲಿಗೆ ಓಡ್ತಿಲ್ಲ ಕಣೇ. ಸಮವಸ್ತ್ರ ಎಲ್ಲಾ ಹಂಗೇ ಬಿದ್ದಿವೆ. ಮನೇಲಿ ಸದ್ದೇ ಇಲ್ಲ.”

“ನೀನೂ ಬಂದುಬಿಡೇ ಇಲ್ಲಿಗೆ.”

“ಬಂದ್ರೆ ಅದು ನಿಂಗೆ ಒಗ್ಗಲ್ಲ. ಈಗ ಬೇಡ.” ಆಮೇಲೆ ಕೇಳಿದಳು, “ಏನ್ಮಾಡ್ತಿದೆ?”

ಮಗು ಅಡುಗೆಮನೆಯ ನೆಲದಲ್ಲಿ ಕೂತು ಚಮಚದಿಂದ ಪಾತ್ರೆ ಬಡಿಯುತ್ತಿತ್ತು. ಗುಬ್ಬಿ ಫೋನನ್ನು ಆ ಕಡೆ ಹಿಡಿದಳು.

“ಕಟ್ ಮಾಡ್ಬೇಡ” ಎಂದಿತು ಅಕ್ಕನ ದನಿ. “ಹಂಗೇ ಎಲ್ಲಾದ್ರೂ ಇಟ್ಟು ನೀನು ಕೆಲಸ ಮಾಡ್ಕೋ. ನಂಗೆ ಮಾತಾಡೋದು ಬೇಡ.”

ಗುಬ್ಬಿ ಫೋನನ್ನು ಗೋಡೆಯ ಗೂಡಿನಲ್ಲಿ ಇಟ್ಟು ಬಟ್ಟೆ ಒಗೆಯಲು ಕೂತಳು. ಪಾತ್ರೆಯ ಸದ್ದು ನಡೆದೇ ಇತ್ತು. ಎರಡು ಅಂಗಿ ಹಿಂಡಿ ಹಾಕುವಷ್ಟರಲ್ಲಿ ಗೂಡಿನ ಫೋನಿನಿಂದ ಅಕ್ಕನ ಹೊಲಿಗೆ ಯಂತ್ರ ಒಂದು ಸುತ್ತು ತಿರುಗಿ ನಿಂತದ್ದು ಕೇಳಿಸಿತು. ಆಮೇಲೆ ಮತ್ತೆ ಶುರುವಾಗಿ, ಈ ಸಲ ನಿಲ್ಲದೆ ಓಡಿತು. ಮಗು ಚಮಚ ಎತ್ತಿ ಹಿಡಿದು, ಆ ಸದ್ದು ಎಲ್ಲಿಂದ ಬಂತೆಂದು ಅತ್ತಿತ್ತ ನೋಡಿತು. ಗುಬ್ಬಿಯ ಮುಖವನ್ನೂ ನೋಡಿತು.