ಎಡಗಡೆಯ ಮುಕ್ಕಾಲಿಂಚು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಗಳು ಆಡಿಕೊಳ್ಳುತ್ತಾಳೆ. ಇರಲಿ ಬಿಡಿ. ಮೂವತ್ತು ವರ್ಷದಿಂದ ಈ ಇಕ್ಕಟ್ಟಿನ ಹೊಲಿಗೆ ಅಂಗಡಿಯಲ್ಲಿ ಕೂತವಳಿಗೆ ಅದನ್ನು ಬೇರೆಲ್ಲಿ ಇಡಲು ಜಾಗವಿದೆ? ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಆಳೆತ್ತರದ ಕನ್ನಡಿ, ನಾನು, ಮಗಳು. ಅಂಗಡಿ ನನ್ನ ಅಮ್ಮನದು. ಅವಳು ಅಳತೆಯನ್ನು ಎಂದೂ ಬರೆದಿಟ್ಟವಳಲ್ಲ. ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಹಿಂದಿನಿಂದ ಎರಡೂ ಭುಜದ ಮೇಲೆ ಅಂಗೈಯಿಟ್ಟು, ಮಣಿಕಟ್ಟಿನವರೆಗೆ ಒಟ್ಟಿಗೆ ಸವರಿದರೆ ಮುಗಿಯಿತು. ಕೊರಳಲ್ಲಿ ಟೇಪು ನೇತಾಡುತ್ತಿದ್ದುದು ಹೆಚ್ಚಾಗಿ ಶೋಕಿಗೆ. ನಾನೂ ಹಾಗೇ ಕಲಿತೆ.

ಅರವತ್ತೆಂಟಕ್ಕೆ ಅಮ್ಮ ಮೊದಲು ಅಳತೆಗಳನ್ನು ಮರೆತಳು, ಆಮೇಲೆ ಗಿರಾಕಿಗಳನ್ನು, ಕೊನೆಗೆ ನನ್ನನ್ನು. ಆಲ್ಝೈಮರ್ ಎಂದರು. ಅವಳು ಹೋಗಿ ಆರು ವರ್ಷವಾಯಿತು. ಈ ವರ್ಷ ಭಯ ತಡೆಯಲಾಗದೆ, ಯಾವ ಕಾಯಿಲೆಯೂ ಇಲ್ಲದ ನಾನು ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಅಪಾಯ ಹೆಚ್ಚಿಸುವ ಒಂದು ಜೀನು ಅಮ್ಮನಿಂದ ನನಗೂ ಬಂದಿದೆ ಎಂದು ಗೊತ್ತಾಯಿತು.

"ಇದು ಕಾಯಿಲೆ ಅಲ್ಲಮ್ಮ," ಎಂದರು ಡಾಕ್ಟರಮ್ಮ. "ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಅಷ್ಟೇ. ಬರದೇನೂ ಇರಬಹುದು. ಚೆನ್ನಾಗಿ ನಡೀರಿ, ನಿದ್ದೆ ಮಾಡಿ, ಬಿಪಿ ನೋಡ್ಕೊಳ್ಳಿ."

"ನನ್ನ ಮಗಳಿಗೆ?"

"ಆ ಜೀನು ಅವಳಿಗೆ ಬಂದಿರೋದು ಅರ್ಧಕ್ಕರ್ಧ ಸಾಧ್ಯತೆ."

ಮನೆಗೆ ಬಂದವಳೇ ಮಗಳ ಕೈ ಹಿಡಿದು, "ಕ್ಷಮಿಸು ಕಣೇ," ಎಂದು ಗೊಳೋ ಎಂದು ಅತ್ತೆ. "ನಾನಂತೂ ಟೆಸ್ಟ್ ಮಾಡಿಸಲ್ಲ. ನೀನು ಮೂಗು ಒರೆಸ್ಕೋ," ಎಂದಳು ಅವಳು. ಮಾರನೆಯ ದಿನವೇ ಅಂಗಡಿಗೆ ಒಂದು ನೀಲಿ ಪುಸ್ತಕ ಬಂತು. ಇನ್ನು ಮೇಲೆ ಪ್ರತಿಯೊಬ್ಬರ ಅಳತೆಯನ್ನೂ ಟೇಪು ಹಿಡಿದು ಬರೆದಿಡುತ್ತಾಳಂತೆ!

"ಯಾಕೆ, ನಾನೇನು ಈಗ್ಲೇ ಎಲ್ಲ ಮರೆತು ಕೂತಿದ್ದೀನಾ?"

"ನಿನಗಲ್ಲಮ್ಮ, ನನಗೆ. ನನ್ನ ತಲೇಲಿ ಇಷ್ಟೆಲ್ಲ ನಿಲ್ಲಲ್ಲ."

ಬೆಣ್ಣೆ ಹಚ್ಚುವುದರಲ್ಲಿ ಅವಳು ಜಾಣೆ. ಮೇಲೆ ಸಿಡುಕಿದರೂ ನನಗೆ ಒಳಗೊಳಗೇ ಪುಕಪುಕ. ಅಂಗಡಿಗೆ ಬಂದ ಕೊನೆಯ ವರ್ಷ ಅಮ್ಮ ಕೆಡಿಸಿದ ಬಟ್ಟೆ ಹಿಡಿದು, ನಗುವ ಗಿರಾಕಿಗಳ ಮುಂದೆ ಪೆಚ್ಚಾಗಿ ನಿಂತಿದ್ದನ್ನು ನಾನು ಕಂಡಿದ್ದೇನೆ. ಆ ಗತಿ ನನಗೆ ಬೇಡ. "ನನ್ನ ಕೈಯಿಂದ ಒಂದೇ ಒಂದು ಅಳತೆ ತಪ್ಪಲಿ, ಅಮ್ಮನ ಕತ್ತರಿ ನಿನ್ನ ಕೈಗೆ ಕೊಟ್ಟು ಮನೇಲಿ ಕೂತ್ಕೋತೀನಿ," ಎಂದು ಮಗಳಿಗೆ ಹೇಳಿಬಿಟ್ಟೆ.

ಮೂರು ವಾರ ಅವಳು ಟೇಪು ಹಿಡಿದು ಬರೆದಳು, ನಾನು ಎಂದಿನಂತೆ ಅಂಗೈ ನಂಬಿ ಕತ್ತರಿಸಿದೆ; ಒಂದು ಗುಂಡಿಯೂ ಆಚೀಚೆಯಾಗಲಿಲ್ಲ. ಆಮೇಲೆ ಬಂತು ಡ್ರೈವರಣ್ಣನ ಕೋಟು.

ಮೂವತ್ತೈದು ವರ್ಷ ಬಸ್ಸು ಓಡಿಸಿದ ಅವನಿಗೆ ಬೀಳ್ಕೊಡುಗೆ ಸಮಾರಂಭ. ಅದಕ್ಕೆಂದೇ ಜೀವಮಾನದಲ್ಲಿ ಮೊದಲ ಸಲ ಕೋಟು ಹೊಲಿಸಿದ್ದ. ಆ ದಿನ ಬೆಳಗ್ಗೆ ಮಗಳು ಕೋಟನ್ನು ಮೇಜಿನ ಮೇಲೆ ಹರಡಿ, ಟೇಪಿಟ್ಟು, ಪುಸ್ತಕ ನೋಡಿ, ಮತ್ತೆ ಟೇಪಿಟ್ಟು, ನನ್ನ ಕಡೆ ನೋಡಿದಳು.

"ಏನೇ?"

"ಎಡಗಡೆ ತೋಳು ಮುಕ್ಕಾಲಿಂಚು ಉದ್ದ ಇದೆ, ಅಮ್ಮ."

ನಾನೇ ಅಳೆದೆ. ಹೌದು. ಹಾಗೇಕೆ ಕತ್ತರಿಸಿದೆನೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲೊಲ್ಲದು. ಐವತ್ತಾರಕ್ಕೇ ಶುರುವಾಯಿತಲ್ಲ! ಕತ್ತರಿಯನ್ನು ಸೆರಗಿನಿಂದ ಒರೆಸಿ ಮಗಳ ಮುಂದಿಟ್ಟೆ.

"ತಗೋ. ಆಡಿದ ಮಾತು ಆಡಿದ್ದೇ."

"ಅಯ್ಯೋ, ಬಿಚ್ಚಿ ಒಳಗೆ ಮಡಚಿದ್ರೆ ಹತ್ತು ನಿಮಿಷದ ಕೆಲಸ!" ಎಂದು ಅವಳು ಬ್ಲೇಡು ಹುಡುಕುವಷ್ಟರಲ್ಲಿ ಡ್ರೈವರಣ್ಣ ಬಂದೇಬಿಟ್ಟ, ಹೇಳಿದ್ದಕ್ಕಿಂತ ಎರಡು ಗಂಟೆ ಮುಂಚೆ. ಬಸ್ಸನ್ನು ಒಂದು ದಿನವೂ ಹೊತ್ತಿಗೆ ಸರಿಯಾಗಿ ತಂದ ಪುಣ್ಯಾತ್ಮನಲ್ಲ! ಬೇಡ ಬೇಡ ಎನ್ನುತ್ತಿದ್ದಂತೆ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ. ನಾನು ಕಣ್ಣು ಮುಚ್ಚಿಕೊಂಡೆ.

"ಅಬ್ಬಬ್ಬಾ! ಅಕ್ಕಾ, ರೆಡಿಮೇಡ್ ತಗೊಂಡ ಶರ್ಟೆಲ್ಲ ನನಗೆ ಎಡಗೈಗೆ ಗಿಡ್ಡ ಆಗುತ್ತೆ. ಗೇರು ಎಳೆದೂ ಎಳೆದೂ ಕೈ ಉದ್ದ ಆಗಿದೆ ಅಂತ ನಮ್ಮನೆಯವಳು ರೇಗಿಸ್ತಾಳೆ. ನಿಮಗೆ ಯಾರು ಹೇಳಿದ್ರು?"

ಕಣ್ಣು ಬಿಟ್ಟರೆ ಎರಡು ತೋಳೂ ಮಣಿಕಟ್ಟಿಗೆ ಸರಿಯಾಗಿ ನಿಂತಿದ್ದವು. ಯಾರು ಹೇಳಿರುತ್ತಾರೆ? ಅವನ ಭುಜದಿಂದ ಇಳಿದ ನನ್ನ ಅಂಗೈಗಳೇ ಹೇಳಿರಬೇಕು. ಮಗಳ ಕಡೆ ತಿರುಗಿದೆ.

"ನೀನು ಎಷ್ಟು ಕೈ ಅಳೆದೆ?"

ಅವಳು ನಾಲಿಗೆ ಕಚ್ಚಿಕೊಂಡಳು. "ಬಲಗೈ ಒಂದೇ. ಎರಡೂ ಒಂದೇ ಸಮ ಇರುತ್ತೆ ಅಂದ್ಕೊಂಡೆ."

"ಹಾಗಾದ್ರೆ ಪುಸ್ತಕವೇ ತಪ್ಪು!" ಎಂದು ನಾನು ಕೂಗಿದ ರಭಸಕ್ಕೆ ಡ್ರೈವರಣ್ಣ ಬೆಚ್ಚಿ ನೆಟ್ಟಗೆ ನಿಂತ.

ಅವನು ಹೋದ ಮೇಲೆ ಮಗಳು ಕತ್ತರಿಯನ್ನು ನನ್ನ ಕಡೆ ತಳ್ಳಿದಳು. "ಆದ್ರೂ ಯಾಕೆ ಹಾಗೆ ಕತ್ತರಿಸಿದ್ದು ಅಂತ ಮರೆತಿದ್ದೆಯಲ್ಲ?"

"ಮರೆತಿದ್ದೆ." ಸುಳ್ಳು ಹೇಳಿ ಏನು ಬಂತು? "ಕೊಡು ಆ ಪುಸ್ತಕ."

ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಎಡ, ಇನ್ನೊಂದು ಕಡೆ ಬಲ ಎಂದು ಬರೆದೆ. "ಮೊದಲು ನಿನ್ನದೇ ಬರೆಯೋಣ, ಬಾ," ಎಂದು ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಭುಜ ಸವರಿದೆ. "ಎಡಗೈ ಅರ್ಧ ಇಂಚು ಜಾಸ್ತಿ. ನನ್ನ ಹಾಗೇ, ಅಜ್ಜಿ ಹಾಗೇ."

"ಏನು? ಇದೂ ನಿನ್ನಿಂದಲೇ ಬಂದಿದ್ದಾ?" ಅವಳು ಕನ್ನಡಿಯಲ್ಲೇ ನನ್ನನ್ನು ದಿಟ್ಟಿಸಿದಳು. "ಇದಕ್ಕೆ ಯಾವತ್ತೂ ಕ್ಷಮೆ ಕೇಳ್ಲಿಲ್ಲ ನೀನು!"

"ಕ್ಷಮೆ ಯಾಕೆ? ಚಿಕ್ಕವಳಿದ್ದಾಗಿಂದ ನಿನಗೆ ಅದಕ್ಕೆ ತಕ್ಕ ಹಾಗೆ ಹೊಲಿತಾ ಬಂದಿಲ್ವಾ?"

ಅವಳು ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆ.

"ಹಾಗಾದ್ರೆ ಆ ಜೀನಿಗೂ ಅಷ್ಟೇ ಅಲ್ವೇನಮ್ಮ? ತಕ್ಕ ಹಾಗೆ ಹೊಲ್ಕೊಂಡ್ರಾಯ್ತು."

"ಬಾಯಿ ಮುಚ್ಕೊಂಡು ನೆಟ್ಟಗೆ ನಿಂತ್ಕೋ," ಎಂದು ಗದರಿ, ಎಡದ ಸಾಲಿನಲ್ಲಿ ಅರ್ಧ ಇಂಚು ಕೂಡಿಸಿ ಬರೆದೆ.