ಕಡವು ಕಾಯುವವನ ಕೊನೆಯ ದಿನ

ಮೂಗಿನ ತುದಿ, ಸರಿಯಾಗಿ ತುದಿಯಲ್ಲೇ, ಒಂದು ನವೆ, ಕಬ್ಬಿಣದ ಶಿರಸ್ತ್ರಾಣದೊಳಗೆ ಕೈ ಹೋಗುವುದಿಲ್ಲ, ಈಟಿಯ ತುದಿ ಹೋದೀತು, ಆದರೆ ಜೊತೆಗೆ ಮೂಗೂ ಹೋದೀತು — ವೀರರ ಕಥೆ ಹಾಡುವವರು ಯಾರೂ ಮೂಗಿನ ವಿಷಯ ಎತ್ತುವುದೇ ಇಲ್ಲ, ಎಂದುಕೊಂಡ ಮೆಯ್ಲಿರ್, ಹೊಳೆಯ ನಡುವೆ, ಕುದುರೆಯ ಮೇಲೆ, ನೀರು ಕುದುರೆಯ ಮೊಣಕಾಲಿಗೆ, ಚಳಿ ಅವನ ಸೊಂಟಕ್ಕೆ. ಹತ್ತೊಂಬತ್ತು ತುಂಬಿದ ದಿನ, ಜೇನುಮದ್ಯ ಕೊಂಚ ಹೆಚ್ಚಾಗಿ, ಮಾವನ ಕೋಟೆಯಲ್ಲಿ ಊಟಕ್ಕೆ ಕೂತವರೆಲ್ಲರ ಎದುರು ಬೆಂಚು ಹತ್ತಿ, ಒಂದು ವರ್ಷ ನನ್ನೊಡನೆ ಕಾದಾಡದೆ ಹೊಳೆಯ ಈ ಆಳವಿಲ್ಲದ ಕಡವನ್ನು ಯಾವನೂ ದಾಟಕೂಡದು ಎಂದು ಶಪಥ ಮಾಡಿದ್ದ, ಬೆಂಚು ಮುರಿದಿತ್ತು, ಶಪಥ ಮುರಿಯಲಿಲ್ಲ, ಇವತ್ತು ಸೂರ್ಯ ಮುಳುಗಿದರೆ ಮುಗಿಯಿತು, ಆಮೇಲೆ ಮನೆ, ಬಿಸಿ ಗಂಜಿ, ಒಣಗಿದ ಕಾಲುಚೀಲ, ಇದ್ವಲ್ ಇಲ್ಲ. ಇದ್ವಲ್ ಇಲ್ಲ ಎಂಬುದು ಕಾಲುಚೀಲದ ಪಕ್ಕದಲ್ಲಿ ಹೇಗೆ ಬಂದು ಕೂತಿತು, ಗೊತ್ತಿಲ್ಲ, ಕೂತಿದೆ. ಆಚೆ ದಡದ ಒಡೆಯನ ಮಗ ಇದ್ವಲ್, ಹೊಳೆ ಉಕ್ಕದ ಪ್ರತಿ ಬುಧವಾರ ಬರುತ್ತಾನೆ, ಬೀಳುತ್ತಾನೆ, ನಲವತ್ತೊಂದು ಬುಧವಾರ, ನಲವತ್ತೊಂದು ಸಲ, ಬಿದ್ದು ನೀರಲ್ಲೇ ಕೂತು ನಗುತ್ತಾನೆ, ಅಬ್ಬಬ್ಬಾ ನಿನ್ ಏಟು ಅಂದ್ರೆ ಏಟು ಕಣೋ, ಆಮೇಲೆ ಇಬ್ಬರೂ ನಡುಹೊಳೆಯ ಬಂಡೆಯ ಮೇಲೆ — ಅದು ಈ ದಡದ್ದೂ ಅಲ್ಲ, ಆ ದಡದ್ದೂ ಅಲ್ಲ — ಕೂತು ಓಟ್ಸ್ ರೊಟ್ಟಿ ಹಂಚಿಕೊಳ್ಳುತ್ತಾರೆ, ದೊಡ್ಡ ತುಂಡು ಯಾವಾಗಲೂ ಮೆಯ್ಲಿರ್‌ಗೆ, ಗೆದ್ದವನಿಗೆ ಅದು ಸಲ್ಲಬೇಕು, ಎಂದುಕೊಂಡಿದ್ದ, ಇವತ್ತು ಬೆಳಿಗ್ಗೆಯವರೆಗೆ. ಬೆಳಿಗ್ಗೆ, ದಡದಲ್ಲಿ ಬಟ್ಟೆ ಒಗೆಯುವ ಹುನಿದ್ ಅಜ್ಜಿ, ಪಾದ್ರಿಯ ಕೆಂಪು ಒಳಚಡ್ಡಿಯನ್ನು ಕಲ್ಲಿಗೆ ಬಡಿಯುತ್ತ — ದಾರಿಹೋಕರು ಅವಳನ್ನು ಕಂಡು, ಸಾಯುವವರ ರಕ್ತದಂಗಿ ಒಗೆಯುವ ಯಕ್ಷಿ ಎಂದು ಹೌಹಾರುತ್ತಾರೆ — ಅಲ್ಲ ಮಗಾ, ಒಂದ್ ಮಾತ್ ಕೇಳ್ತೀನಿ, ಆ ತಿರುವಲ್ಲಿ ಸೇತುವೆ ಐತಲ್ಲ, ನಿಂಗ್ ಗೊತ್ತಿಲ್ವಾ? ಸೇತುವೆ. ಯಾವ ಸೇತುವೆ? ನಮ್ಮಪ್ಪ ಹುಟ್ಟೋ ಮುಂಚಿಂದ್ಲೂ ಐತೆ, ಊರೆಲ್ಲ ಅದ್ರ ಮೇಲೇ ಓಡಾಡೋದು. ಹಾಗಾದರೆ ಇದ್ವಲ್‌ನನ್ನು ಬಿಟ್ಟು ವರ್ಷವಿಡೀ ಇಲ್ಲಿಗೆ ಬಂದ ಆರು ಮಂದಿ, ದಾರಿ ತಪ್ಪಿದವರು ಮೂವರು, ಕುಡಿದವನು ಒಬ್ಬ, ಹಸು ಎರಡು — ಮಿಕ್ಕವರು ತನ್ನ ಹೆಸರು ಕೇಳಿ ನಡುಗಿದ್ದಾರೆಂದು ಅಮ್ಮನಿಗೆ ಹೇಳಿ ಕಳಿಸಿದ್ದನಲ್ಲ, ಅಯ್ಯೋ. ಆ ಇದ್ವಲ್ಲು ಸೇತುವೆ ದಾಟ್ಕೊಂಡೇ ಸಂತೆಗ್ ಹೋಗ್ತಾನೆ, ಹೋದ್ ಬೇಸಿಗೇಲಿ ಪಂದ್ಯದಾಗೆ ಒಂಬತ್ತು ಜನಾನ ಉರುಳ್ಸಿದ್ನಂತೆ, ನಿನ್ ಕೈಲಿ ಮಾತ್ರ ಅದೆಂಗ್ ಬೀಳ್ತಾನೋ ಕಾಣೆ, ಅಂದಳು ಅಜ್ಜಿ, ಚಡ್ಡಿ ಹಿಂಡುತ್ತ, ನೀರಿಗಿಂತ ಜೋರಾಗಿ ನಗುತ್ತ.

ಒಂಬತ್ತು ಜನ. ಇದು ಅವಮಾನವೇ ಇರಬೇಕು, ಆದರೆ ಅವಮಾನ ಇಷ್ಟು ಬೆಚ್ಚಗೆ ಇರುತ್ತದೆಯೇ, ಇಗೋ ಬಂದ ಇದ್ವಲ್, ಆಚೆ ದಡದಲ್ಲಿ ಅವನ ಬೂದು ಕುದುರೆ, ಏನಪ್ಪಾ ಶೂರಾ, ಇವತ್ತು ಕೊನೇದು ಅಲ್ವಾ, ಕೂಗುತ್ತಾನೆ, ನಗುವಿಲ್ಲ ಆ ದನಿಯಲ್ಲಿ. ಇವತ್ತಾದ್ರೂ ನಿಜವಾಗಿ ಹೊಡಿ, ಎಂದು ಮೆಯ್ಲಿರ್ ಕಿರುಚಿದ, ಗಂಟಲು ಒಡೆದು ಹೆಣ್ಣುಬಾತಿನ ದನಿ ಬಂತು, ಸೇತುವೆ ವಿಷ್ಯ ಗೊತ್ತಾಯ್ತು ನಂಗೆ, ಕಳ್ಳ! ಆಚೆ ದಡದಲ್ಲಿ ಇದ್ವಲ್ ಲಗಾಮು ಬಿಗಿಹಿಡಿದ. ಆಮೇಲೆ ಈಟಿ ಇಳಿಯಿತು, ಬೂದು ಕುದುರೆ ನೀರು ಸೀಳಿಕೊಂಡು, ಎಷ್ಟು ನೆಟ್ಟಗೆ ಬರುತ್ತಿದ್ದಾನೆ, ಇವನು ಹೀಗೆ ಬರಬಲ್ಲವನೇ, ಎಷ್ಟು ಚೆಂದ, ಎಂದು ನೋಡುತ್ತ ಗುರಾಣಿ ಎತ್ತುವುದನ್ನೇ ಮರೆತ — ಆಕಾಶ. ತಣ್ಣಗೆ, ಅಗಲವಾಗಿ, ಬೆನ್ನಡಿಗೆ ಹೊಳೆ, ಕಿವಿಯೊಳಗೆ ಹೊಳೆ, ಯಾರೋ ಶಿರಸ್ತ್ರಾಣ ಕಿತ್ತು ಎಸೆಯುತ್ತಾರೆ, ಮೆಯ್ಲಿರ್, ಏಯ್ ಮೆಯ್ಲಿರ್, ಕಣ್ ಬಿಡೋ, ಪೆಟ್ಟಾಯ್ತಾ, ದೇವ್ರಾಣೆ ಇಷ್ಟ್ ಜೋರಾಗಿ ಹೊಡೀಬಾರ್ದಿತ್ತು ನಾನು. ಗೆದ್ದೆಯಲ್ಲ, ಎಂದ ಮೆಯ್ಲಿರ್, ನೀರು ಉಗುಳಿ, ದಾಟು ಹೋಗು. ದಾಟಿ ಎಲ್ಲಿಗ್ ಹೋಗ್ಲಿ, ಸಂತೆಗಾದ್ರೆ ಸೇತುವೆ ಇದೆ, ಈ ಕಡವು ದಾಟೋ ಕೆಲ್ಸ ನಂಗೆ ಯಾವತ್ತೂ ಇರ್ಲಿಲ್ಲ. ಮತ್ಯಾಕೆ ನಲವತ್ತೊಂದ್ ಸಲ ಬಂದೆ? ಒಂಬತ್ತು ಜನರನ್ನು ಉರುಳಿಸಿದವನು ನೀರಲ್ಲಿ ಮೊಣಕಾಲೂರಿ ಕೂತಿದ್ದಾನೆ, ಕೆಳತುಟಿಯ ಮೇಲೆ ಹೊಳೆಪಾಚಿಯ ಎಳೆಯೊಂದು ಅಂಟಿದೆ, ಕೂದಲಷ್ಟು ಸಣ್ಣದು, ಹಸಿರು, ನಾನು, ಎನ್ನುತ್ತಾನೆ, ಎಳೆ ಅಲುಗುತ್ತದೆ, ನಿನ್, ಎನ್ನುತ್ತಾನೆ, ನಿಲ್ಲಿಸುತ್ತಾನೆ, ಮಾವ ಏನೆಂದಾನು, ಅಮ್ಮ ಏನೆಂದಾಳು, ಸೂರ್ಯ ಎಲ್ಲಿದ್ದಾನೆ, ಶಪಥ ಇನ್ನೂ ಇದೆಯೋ ಹರಿದು ಹೋಯಿತೋ, ಕಬ್ಬಿಣದ ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಾನೆ ಮೆಯ್ಲಿರ್, ಕಳಚಿತು, ಬೆರಳು ಚಾಚುತ್ತಾನೆ, ಇದ್ವಲ್ ಕದಲುವುದಿಲ್ಲ, ಉಸಿರೂ ಆಡುವುದಿಲ್ಲ, ಬೆರಳು ಸಾಲದು ಇದಕ್ಕೆ, ಎಂದುಕೊಂಡು ಮುಖವನ್ನೇ ಹತ್ತಿರ ತಂದ, ಮಾವ, ಅಮ್ಮ, ಶಪಥ — ಹಸಿರು ಎಳೆ, ತುಟಿ, ಹಸಿರು ಎಳೆ —