ಪಂಚಮಿಗೆ ಮೈ ತುಂಬಿದ ತಮ್ಮ

ಸಾವಂತ್ರವ್ವ ತವರೂರು ಯಂಕಂಚಿಯಲ್ಲಿ ಬಸ್ಸಿಳಿದಾಗ ಮೊದಲು ಕಂಡದ್ದು ತಮ್ಮನ ಪಾದ. ಚಪ್ಪಲಿಯ ಪಟ್ಟಿ ಪಾದದೊಳಗೆ ಇಳಿದು ಕೂತಿತ್ತು. ಅದರ ಎರಡೂ ಕಡೆ ಚರ್ಮ ಉಬ್ಬಿ ನಿಂತಿತ್ತು. ಆಮೇಲೆ ಮುಖ ನೋಡಿದಳು. ಸೋಮನಿಂಗ ನಗುತ್ತ ಅವಳ ಕೈಚೀಲಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ. ಭಾರ ಎತ್ತಬೇಡಿ ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಕೊನೆಗೆ ಚೀಲದ ಒಂದೊಂದು ಹಿಡಿಕೆಯನ್ನು ಒಬ್ಬೊಬ್ಬರು ಹಿಡಿದುಕೊಂಡು ಮನೆಯ ಕಡೆ ನಡೆದರು.

ಎಂಟು ತಿಂಗಳ ಹಿಂದೆ, ಎಪ್ಪತ್ತೈದನೇ ಇಸವಿಯ ಕೊನೆಗೆ, ಮದ್ರಾಸಿನ ಕಡೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಸಾವಂತ್ರವ್ವನ ಒಂದು ಮೂತ್ರಪಿಂಡ ತೆಗೆದು ಸೋಮನಿಂಗನಿಗೆ ಹಾಕಿದ್ದರು. ಅವನು ಯಂಕಂಚಿಯಲ್ಲಿ ಸಾಲಿ ಮಾಸ್ತರ. ಅವನವೆರಡೂ ಕೆಟ್ಟು ಹೋಗಿದ್ದವು. ಹೊರ್ತಿ ಊರಿಗೆ ಮದುವೆ ಮಾಡಿ ಕೊಟ್ಟ ಅಕ್ಕ ಬಿಟ್ಟರೆ ಹೊಂದುವ ರಕ್ತ ಮನೆಯಲ್ಲಿ ಇನ್ನಾರದೂ ಇರಲಿಲ್ಲ. ಊರಿನ ಜನ ಇದನ್ನು ಕೇಳಿ ಮೊದಲು ನಂಬಲಿಲ್ಲ, ಆಮೇಲೆ ಸಾವಂತ್ರವ್ವನನ್ನು ದೇವರಿಗಿಂತ ಒಂದು ಮೆಟ್ಟಿಲು ಮೇಲೆ ಕೂಡಿಸಿಬಿಟ್ಟರು. ಅವಳಿಗೆ ಮಾತ್ರ ಏನೂ ಅನ್ನಿಸಿರಲಿಲ್ಲ. ಹೊಲಿಗೆ ಮಾಯುವವರೆಗೆ ನೋವಿತ್ತು. ನೋವು ಹೋದ ಮೇಲೆ ಅದರ ಜೊತೆಗೆ ಸಿಟ್ಟು, ಸಂತೋಷ, ಹೆದರಿಕೆ ಎಲ್ಲವೂ ಎದ್ದು ಹೋದವು. ಎಮ್ಮೆ ಹಿಂಡುವಾಗ, ರೊಟ್ಟಿ ಬಡಿಯುವಾಗ ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು.

ಆಸ್ಪತ್ರೆಯಿಂದ ಬಿಡುವ ದಿನ ಬಳ್ಳಾರಿ ಕಡೆಯ ನರ್ಸಬಾಯಿಯೊಬ್ಬಳು ಅಕ್ಕತಮ್ಮ ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಕನ್ನಡದಲ್ಲಿ ತಿಳಿಸಿ ಹೇಳಿದ್ದಳು. ಗುಳಿಗೆಯಿಂದ ಮುಖ ದುಂಡಗಾಗುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಜ್ವರ ಬಂದರೆ, ಹೊಲಿಗೆ ಹಾಕಿದ ಕಡೆ ನೋವೆದ್ದರೆ, ಉಚ್ಚೆ ಕಡಿಮೆಯಾದರೆ, ಕಾಲಿಗೆ ಬಾವು ಬಂದರೆ, ನಾಲ್ಕೈದು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ ಒಂದು ದಿನವೂ ತಡೆಯಬಾರದು. ವಿಜಾಪುರದ ಡಾಕ್ಟರಿಗೆ ಈ ಕಾಗದ ತೋರಿಸಬೇಕು, ಅವರು ಇಲ್ಲಿಗೆ ತಂತಿ ಹೊಡೆಯುತ್ತಾರೆ. ಅಕ್ಕನ ಮೂತ್ರಪಿಂಡವನ್ನು ತಮ್ಮನ ಮೈ ಬೇಡವೆಂದು ದೂಡುವಾಗ ಹೀಗೆಲ್ಲ ಆಗುತ್ತದೆ ಎಂದಿದ್ದಳು. ತಮ್ಮನ ಮೈಗೆ ಅಷ್ಟೊಂದು ಸೊಕ್ಕೇನು ಎಂದು ಸಾವಂತ್ರವ್ವ ಕೇಳಿದ್ದಳು, ನರ್ಸಬಾಯಿ ನಕ್ಕಿದ್ದಳು.

ಇಷ್ಟು ತಿಳಿದವಳು ಬಸ್ಸಿನ ಬುಡದಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮೂರು ತಾಸು ನಿಂತುಕೊಂಡು ಬಂದಿದ್ದಳು, ಮನೆಗೆ ಹೋದ ಮೇಲೆ ಕೇಳಿದರಾಯಿತು ಅಂದುಕೊಂಡಳು.

ಮನೆಗೆ ಹೋದರೆ ಅಲ್ಲಿ ಬೇರೆಯೇ ಸಂಭ್ರಮ. ತಾಯಿ ತಿಪ್ಪವ್ವ ಎರಡು ವರ್ಷದ ಪಂಚಮಿಯನ್ನು ಒಂದೇ ಸಲ ಮಾಡಿ ಮುಗಿಸುವವಳ ಹಾಗೆ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಕಟ್ಟಿ ಡಬ್ಬಿಗಳಲ್ಲಿ ತುಂಬಿಟ್ಟಿದ್ದಳು. ಹಿಂದಿನ ಪಂಚಮಿಗೆ ಅಕ್ಕತಮ್ಮ ಆಸ್ಪತ್ರೆ ಅಲೆಯುತ್ತಿದ್ದರು. ಅದರ ಹಿಂದಿನ ಪಂಚಮಿಗೆ ಸೋಮನಿಂಗ ಹಾಸಿಗೆ ಹಿಡಿದಿದ್ದ. ಪಂಚಮಿಗೆ ತವರು ಕಾಣದ ಹೆಣ್ಣುಮಗಳ ಸಂಕಟ ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಿಪ್ಪವ್ವ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದವಳು, ಮಗನ ಗಲ್ಲ ಮುಟ್ಟಿ ತೋರಿಸಿದಳು.

"ನೋಡವಾ, ಹೆಂಗ ಮೈ ತುಂಬ್ಯಾನ. ನೀ ಕೊಟ್ಟ ಜೀವ ಹತ್ತೇತಿ ನೋಡು."

ಸಾವಂತ್ರವ್ವ ಹೂಂ ಅಂದಳು.

ನಾಗರ ಚೌತಿಯ ಹಿಂದಿನ ದಿನ, ರೊಟ್ಟಿ ಹಬ್ಬಕ್ಕೆ, ಓಣಿಯ ಹೆಂಗಸರೆಲ್ಲ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹಿಡಿದು ಬಂದರು. ಬಂದವರೆಲ್ಲ ಮಾಸ್ತರನ ಮೈ ಹೊಗಳಿದರು. ಬರ ಉಂಡೆದ್ದ ನಾಡು. ಇಲ್ಲಿ ಮನುಷ್ಯ ದಪ್ಪಗಾದ ಅಂದರೆ ಬದುಕಿದ ಅಂತಲೇ ಅರ್ಥ. ಮೈ ತುಂಬಿಕೊಂಡವನನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಅಂದರೆ ಊರು ನಗುತ್ತಿತ್ತು. ಸಾವಂತ್ರವ್ವ ಸಂದು ನೋಡಿ, ದಿನಾ ಉಚ್ಚೆ ಅಳೆದು ನೋಡುತ್ತೀಯೋ ಇಲ್ಲವೋ ಎಂದು ತಮ್ಮನನ್ನು ಕೇಳಿದಳು. ಅವನು ಅಳೆಯುತ್ತೇನೆ, ಎಲ್ಲ ಸರಿ ಐತಿ ಅಂದ. ಅವನು ಸುಳ್ಳಾಡುವಾಗ ಎಡಗಿವಿ ತಿಕ್ಕಿಕೊಳ್ಳುವುದು ಅವಳಿಗೆ ಅವನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಗೊತ್ತು. ಅವತ್ತೂ ತಿಕ್ಕಿಕೊಂಡ. ಅವಳು ನೋಡಿದಳು. ನೋಡಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

ಆ ದಿನಗಳಲ್ಲಿ ಅವಳ ತಲೆಯಲ್ಲಿ ಏನಿತ್ತು ಎಂದು ಕೇಳಿದರೆ ಅವಳಿಗೇ ಹೇಳಲು ಬರುವುದಿಲ್ಲ. ಗೊತ್ತಿತ್ತು, ಅಷ್ಟೇ. ಹಿತ್ತಲಲ್ಲಿ ಬಾವಿ ಐತಿ ಅಂತ ಗೊತ್ತಿರುವ ಹಾಗೆ ಗೊತ್ತಿತ್ತು. ಚೌತಿಯ ದಿನ ಹುತ್ತಕ್ಕೆ ಹಾಲೆರೆಯುವಾಗ ಸೋಮನಿಂಗ ಬಗ್ಗಿದವನು ಮೇಲೇಳಲು ಅವಳ ಹೆಗಲು ಹಿಡಿದ. ಆ ಕೈಯೂ ಊದಿತ್ತು. ಅವ್ವನ ಹಬ್ಬ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆ ಆಗಬೇಕಿತ್ತು. ಅದೂ ಆಗಲಿಲ್ಲ.

ಪಂಚಮಿಯ ದಿನ ಮುಂಜಾನೆ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಅಕ್ಕನನ್ನು ತಾನೇ ತೂಗುತ್ತೇನೆಂದು ಸೋಮನಿಂಗ ಹಟ ಹಿಡಿದ. ಎರಡು ಸಲ ನೂಕಿದ. ಮೂರನೇ ಸಲ ಜೋಕಾಲಿ ಹಿಂದಕ್ಕೆ ಬಂದಾಗ ನೂಕುವ ಕೈ ಸಿಗಲಿಲ್ಲ. ಸಾವಂತ್ರವ್ವ ತಿರುಗಿ ನೋಡಿದರೆ ಅವನು ಗಿಡದ ಬುಡಕ್ಕೆ ಕೂತು ಬಾಯಿ ತೆರೆದು ಉಸಿರಾಡುತ್ತಿದ್ದ. ಜೋಕಾಲಿ ನಿಲ್ಲುವ ಮೊದಲೇ ಅವಳು ಜಿಗಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ಹೆದರಿಕೆ ಆಯಿತು.

ಅವನನ್ನು ಎಬ್ಬಿಸಿಕೊಂಡು ಸೀದಾ ಜೈನುದ್ದೀನನ ಅಂಗಡಿಗೆ ಹೋದಳು. ಜೈನುದ್ದೀನ ಜೋಳ, ಶೇಂಗಾ ಖರೀದಿ ಮಾಡುವವನು. ಚೀಲ ತೂಗುವ ಅವನ ದೊಡ್ಡ ತಕ್ಕಡಿಯಲ್ಲೇ ಸೋಮನಿಂಗ ವಾರಕ್ಕೊಮ್ಮೆ ಕೂತು ತೂಗಿಸಿಕೊಳ್ಳುತ್ತಿದ್ದ. ಮಾಸ್ತರು ಎರಡು ವಾರದಿಂದ ಈ ಕಡೆ ಹಾಯ್ದಿಲ್ಲ ಎಂದು ಜೈನುದ್ದೀನ ದೂರು ಹೇಳುತ್ತಲೇ ಕಲ್ಲು ಏರಿಸಿದ. ಹಿಂದಿನ ಸಲ ನಲವತ್ತಾರು ಕಿಲೋ ಇದ್ದದ್ದು ಅವನಿಗೆ ನೆನಪಿತ್ತು. ಈಗ ಐವತ್ತೊಂದು ತೂಗಿತು.

ಜೈನುದ್ದೀನ ಖುಷಿಯಾಗಿ ಬೆಲ್ಲದ ತುಣುಕು ಕೊಟ್ಟ. ಸುದ್ದಿ ಇವರಿಗಿಂತ ಮೊದಲೇ ಮನೆ ಮುಟ್ಟಿತ್ತು. ಐದು ಕಿಲೋ ಏರಿದ ಮಗನಿಗೆ ಜನರ ದೃಷ್ಟಿ ತಾಗೀತೆಂದು ತಿಪ್ಪವ್ವ ಉಪ್ಪು ಮೆಣಸಿನಕಾಯಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಸಾವಂತ್ರವ್ವ ತಾಯಿಯ ಮುಷ್ಟಿ ಹಿಡಿದು ಕೆಳಗಿಳಿಸಿದಳು. ಅದು ಮಾಂಸ ಅಲ್ಲ, ನೀರು ಎಂದು ಹೇಳಿದಳು. ತಿಪ್ಪವ್ವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಅವತ್ತಿನ ಬಸ್ಸು ಹೋಗಿಯಾಗಿತ್ತು. ಮರುದಿನದ ಬಸ್ಸಿಗೆ ಅಕ್ಕತಮ್ಮ ಸಿಂದಗಿಗೆ ಹೋಗಿ, ಅಲ್ಲಿಂದ ವಿಜಾಪುರದ ಬಸ್ಸು ಹಿಡಿದರು.

ವಿಜಾಪುರದ ಡಾಕ್ಟರು ಕಾಗದ ಓದಿದರು. ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಕುಳಿ ಬಿದ್ದದ್ದು ಬಿದ್ದ ಹಾಗೇ ಉಳಿಯಿತು. ಬಾವು ಯಾವಾಗಿನಿಂದ ಎಂದು ಕೇಳಿದರು.

"ನಿನ್ನೆಯಿಂದ ರೀ," ಅಂದ ಸೋಮನಿಂಗ.

"ಇಲ್ಲರಿ," ಅಂದಳು ಸಾವಂತ್ರವ್ವ. "ನಾ ಬಂದು ಇವತ್ತಿಗೆ ಐದು ದಿನಾತು. ಬಸ್ ಇಳಿದಾಗೇ ನೋಡೇನಿ."

ಡಾಕ್ಟರು ಅವಳನ್ನೊಮ್ಮೆ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರ ಆಗುತ್ತಿತ್ತು. ಇಂಜೆಕ್ಷನ್ ಇಲ್ಲೇ ಸುರು ಮಾಡುತ್ತೇನೆ, ತಂತಿ ಹೊಡೆಸುತ್ತೇನೆ, ಸಂಜೆಯ ಗಾಡಿಗೆ ಸೊಲ್ಲಾಪುರ ಮುಟ್ಟಿ ಮದ್ರಾಸ್ ಕಡೆ ಹೊರಡಿ ಎಂದರು. ಮೊದಲ ದಿನವೇ ಬಂದಿದ್ದರೆ ಧೈರ್ಯ ಹೇಳುತ್ತಿದ್ದೆ; ಈಗ ಆ ಮೂತ್ರಪಿಂಡ ಉಳಿದೀತು, ಉಳಿಯದೆಯೂ ಹೋದೀತು, ನನ್ನಿಂದ ಹೇಳಲಾಗದು ಎಂದವರು ತಂತಿ ಬರೆಯಲು ಒಳಗೆ ಹೋದರು.

ಇಬ್ಬರೇ ಬೆಂಚಿನ ಮೇಲೆ ಉಳಿದರು. ಸೋಮನಿಂಗ ತನ್ನ ಪಾದದ ಕುಳಿಯನ್ನೇ ನೋಡುತ್ತಿದ್ದ.

"ಹನ್ನೊಂದು ದಿನಾತಕ್ಕಾ," ಅಂದ. "ಎರಡು ವರ್ಷ ನನ್ನ ಸಲುವಾಗಿ ನಿನಗ ಪಂಚಮಿ ಇರಲಿಲ್ಲ. ಇದೊಂದು ಮುಗೀಲಿ ಅಂತ ಬಾಯಿ ಬಿಡಲಿಲ್ಲ."

ಅವನು ಅವಳಿಗಾಗಿ ಬಚ್ಚಿಟ್ಟ, ಅವಳು ಅವ್ವನಿಗಾಗಿ ಬಚ್ಚಿಟ್ಟಳು, ಅವ್ವ ಉಂಡಿ ಕಟ್ಟಿದಳು. ಯಾರ ಮೇಲೆ ಸಿಟ್ಟಾಗುವುದು ಎಂದು ಸಾವಂತ್ರವ್ವ ಹುಡುಕಿದಳು, ಯಾರೂ ಸಿಗಲಿಲ್ಲ. ನರ್ಸು ಸೂಜಿ ಹಿಡಿದು ಬಂದಳು. ಸೋಮನಿಂಗನ ಅಂಗಿಯ ತೋಳು ಊದಿದ ಕೈಗೆ ಬಿಗಿಯಾಗಿತ್ತು. ಅಕ್ಕನೇ ಗುಂಡಿ ಬಿಚ್ಚಿ, ತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು.

"ಪಂಚಮಿ ವರ್ಷಾ ಬರ್ತೈತಿ, ಸೋಮ್ಯಾ," ಅಂದಳು. ಅವಳ ದನಿಯಲ್ಲಿ ಏರಿಳಿತ ಏನೂ ಇರಲಿಲ್ಲ. "ನಿನಗ ಕೊಡಾಕ ನನ್ನ ಕಡೆ ಇನ್ನೊಂದಿಲ್ಲ."